ತೋಳಿನ ಅಳತೆ: ಪಿಕ್ ಲೈನ್ ಹಾಕಿಸಿಕೊಂಡವರ ಮನೆಯವರಿಗೆ ಒಬ್ಬ ಟೇಲರ್ ಹೇಳುವುದು

ಮೊದಲು ನಿಮ್ಮ ಮನೆಯ ಟೇಪು ಸರಿ ಇದೆಯಾ ನೋಡಿ. ಬಟ್ಟೆ ಅಳೆಯುವ ಟೇಪು ಹಳೆಯದಾದರೆ ಎಳೆದು ಎಳೆದು ಉದ್ದವಾಗಿರುತ್ತದೆ. ಎಳೆದ ಟೇಪು ಯಾವಾಗಲೂ ಕಡಿಮೆ ತೋರಿಸುತ್ತದೆ. ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು, 30 ಸೆಂಟಿಮೀಟರಿಗೆ 30 ಬರುತ್ತದಾ ನೋಡಿ. ಬರದಿದ್ದರೆ ಅದನ್ನು ಮಕ್ಕಳ ಆಟಕ್ಕೆ ಕೊಟ್ಟು ಹೊಸದು ತನ್ನಿ. ಕೀಮೋ ಕೊಡಲು ತೋಳಿಗೆ ಹಾಕುವ ಪೈಪೇ ಪಿಕ್ ಲೈನ್. ಅದರಿಂದ ರಕ್ತ ಹೆಪ್ಪುಗಟ್ಟಿದರೆ ತೋಳು ಊದಬಹುದು, ಅದನ್ನು ಹಿಡಿಯುವುದು ಟೇಪು. ಈ ಬರಹದ ಅರ್ಧ ಕೆಲಸ ಆ ಟೇಪಿನದೇ.

ನಾನು ಕೊಪ್ಪಳದಲ್ಲಿ ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುವವನು. ಡಾಕ್ಟರ್ ಅಲ್ಲ. ನನ್ನ ಹೆಂಡತಿಗೆ ಸ್ತನದ ಕ್ಯಾನ್ಸರ್ ಬಂತು. ಎಡಗಡೆ ಆಪರೇಷನ್ ಆಯಿತು. ಕೀಮೋ ಕೊಡಲು ಬೆಂಗಳೂರಿನಲ್ಲಿ ಬಲ ರಟ್ಟೆಗೆ ಪಿಕ್ ಲೈನ್ ಹಾಕಿದರು. ಹಾಕಿದ ಹದಿನಾರನೇ ದಿನ ಆ ತೋಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿತು. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಡಾಕ್ಟರ್‌ಗಳನ್ನೂ ಸಿಸ್ಟರ್‌ಗಳನ್ನೂ ಕೇಳಿ ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಔಷಧದ ಡೋಸು ಮಾತ್ರ ನನ್ನಿಂದ ಕಲಿಯಬೇಡಿ. ಅದು ನಿಮ್ಮ ಡಾಕ್ಟರ್ ಹೇಳಿದ್ದೇ ಆಗಬೇಕು.

ಪಿಕ್ ಲೈನ್ ಅಂದರೆ ಒಂದು ತೆಳ್ಳನೆಯ ಮೆತ್ತನೆ ಪೈಪು. ರಟ್ಟೆಯ ಒಳಮಗ್ಗುಲಿನ ರಕ್ತನಾಳದಲ್ಲಿ ತೂರಿಸಿ, ಹೆಗಲು ದಾಟಿಸಿ, ಹೃದಯದ ಹತ್ತಿರದ ದೊಡ್ಡ ನಾಳದವರೆಗೆ ಬಿಡುತ್ತಾರೆ. ಕೈಯ ಸಣ್ಣ ನರಗಳಲ್ಲಿ ಕೀಮೋ ಕೊಟ್ಟರೆ ಅವು ಸುಟ್ಟು ಗಟ್ಟಿಯಾಗುತ್ತವೆ. ನನ್ನ ಹೆಂಡತಿಗೆ ಕೊಡುತ್ತಿದ್ದ ಕೆಂಪು ಬಣ್ಣದ ಔಷಧ ನರದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಅದಕ್ಕೇ ಈ ಪೈಪು. ಕೆಲವರಿಗೆ ಕಾಲರ್ ಮೂಳೆಯ ಕೆಳಗೆ ಚರ್ಮದ ಒಳಗೆ ಕೀಮೋಪೋರ್ಟ್ ಇಡುತ್ತಾರೆ. ಪೋರ್ಟಿನಲ್ಲಿ ಹೆಪ್ಪುಗಟ್ಟುವುದು ಪಿಕ್‌ಗಿಂತ ಕಡಿಮೆ. ಆದರೆ ಅದಕ್ಕೆ ಒಂದು ಸಣ್ಣ ಆಪರೇಷನ್ ಬೇಕು, ಖರ್ಚೂ ಜಾಸ್ತಿ. ಹಾಕಿಸುವ ಮೊದಲೇ ಡಾಕ್ಟರ್ ಹತ್ತಿರ ಎರಡರ ಬಗ್ಗೆಯೂ ಕೇಳಿ. ಪಿಕ್ಕೇ ಅಂತಾದರೆ, ಒಂದು ಬಾಯಿಯ ಪೈಪು ಸಾಕಾಗುತ್ತದಾ ಎಂದೂ ಕೇಳಿ. ಬಾಯಿ ಹೆಚ್ಚಾದಷ್ಟು ಪೈಪು ದಪ್ಪ. ಪೈಪು ದಪ್ಪಗಾದಷ್ಟು ರಕ್ತ ಹರಿಯಲು ಜಾಗ ಕಡಿಮೆ.

ಹೆಪ್ಪು ಯಾಕೆ ಆಗುತ್ತದೆ? ಗಂಗಾವತಿ ಕಡೆ ಹೋದವರು ತುಂಗಭದ್ರೆಯ ಎಡದಂಡೆ ಕಾಲುವೆ ನೋಡಿರುತ್ತೀರಿ. ಉಪಕಾಲುವೆಯಲ್ಲಿ ಒಂದು ಕೋಲು ನೆಟ್ಟರೆ ಅದರ ಸುತ್ತ ಕಸ, ಜೊಂಡು ಬಂದು ಕೂಡುತ್ತದೆ. ರಕ್ತನಾಳದಲ್ಲಿ ಪೈಪು ಆ ಕೋಲಿನ ಹಾಗೆ. ರಕ್ತದ ಓಟ ಅಲ್ಲಿ ನಿಧಾನವಾಗುತ್ತದೆ. ಪೈಪು ನಾಳದ ಒಳಗೋಡೆಗೆ ಉಜ್ಜುತ್ತದೆ. ಅದರ ಮೇಲೆ ಕ್ಯಾನ್ಸರ್ ಕಾಯಿಲೆಯೇ ರಕ್ತವನ್ನು ಬೇಗ ಹೆಪ್ಪುಗಟ್ಟುವ ಹಾಗೆ ಮಾಡುತ್ತದೆ. ಕೀಮೋ ಇನ್ನಷ್ಟು ಕೂಡಿಸುತ್ತದೆ. ಲೈನ್ ಹಾಕಿದ ಮೊದಲ ಕೆಲವು ವಾರಗಳಲ್ಲೇ ಇದರ ಭಯ ಹೆಚ್ಚು.

ಹೆಪ್ಪು ಅಂದ ಕೂಡಲೇ ನಮ್ಮ ಓಣಿಯ ದೊಡ್ಡಮ್ಮ ಒಬ್ಬರು ಬಂದು, "ಮೊಸರು ಬಿಡಸ್ರೀ ಮೊದ್ಲ. ಹೆಪ್ಪು ಹಾಕಿದ್ದು ತಿಂದ್ರ ಹೆಪ್ಪಾಗದ ಏನಾಗತ್ತ" ಎಂದರು. ನನ್ನ ಹೆಂಡತಿ ಎರಡು ದಿನ ಬಾಯಿ ರುಚಿಯಿಲ್ಲದೆ ಬರೀ ಅನ್ನ ತಿಂದಳು. ಆ ಹೆಪ್ಪಿಗೂ ಈ ಹೆಪ್ಪಿಗೂ ಸಂಬಂಧವಿಲ್ಲ. ನಾಲಿಗೆ ಒಣಗಿದ ಕೀಮೋ ರೋಗಿಗೆ ಮನೆಯಲ್ಲಿ ಶುಚಿಯಾಗಿ ಮಾಡಿದ ತಾಜಾ ಮೊಸರನ್ನ ಇಳಿದರೆ ಅದೇ ದೊಡ್ಡದು. ಬಿಳಿ ಕಣ ಕಡಿಮೆ ಇರುವ ದಿನಗಳಲ್ಲಿ ಮಾತ್ರ ಒಮ್ಮೆ ಡಾಕ್ಟರನ್ನು ಕೇಳಿಕೊಳ್ಳಿ.

ಈಗ ಅಳತೆ. ಲೈನ್ ಹಾಕಿಸಿದ ದಿನವೇ ಶುರು ಮಾಡಿ. ಸಾಧ್ಯವಾದರೆ ಹಾಕುವ ಮುಂಚೆಯೇ. ತೋಳು ಸ್ವಲ್ಪ ಮಡಿಸಿದರೆ ಮೊಣಕೈ ಒಳಗಡೆ ಒಂದು ಗೆರೆ ಬೀಳುತ್ತದಲ್ಲ, ಅಲ್ಲಿಂದ ಮೇಲಕ್ಕೆ 10 ಸೆಂಟಿಮೀಟರ್ ಹೋಗಿ. ನಮ್ಮ ಲೆಕ್ಕದಲ್ಲಿ 4 ಇಂಚು. ಅಲ್ಲಿ ರಟ್ಟೆಯ ಸುತ್ತಳತೆ ತೆಗೆದುಕೊಳ್ಳಿ. ಆ ಜಾಗದಲ್ಲಿ ಡ್ರೆಸ್ಸಿಂಗ್ ಅಡ್ಡ ಬಂದರೆ ಅದರ ಸ್ವಲ್ಪ ಕೆಳಗೋ ಮೇಲೋ ಹಿಡಿಯಿರಿ. ಆದರೆ ಗೆರೆಯಿಂದ ಎಷ್ಟು ಎಂದು ಬರೆದಿಟ್ಟು ದಿನಾ ಅಲ್ಲೇ ಹಿಡಿಯಬೇಕು. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಬ್ಲೌಸಿಗೆ ಅಳೆಯುವಾಗ ನಾವು ಒಂದು ಬೆರಳು ಸಡಿಲ ಬಿಡುತ್ತೇವೆ. ಇಲ್ಲಿ ಬಿಡಬೇಡಿ. ಎರಡೂ ತೋಳು ಅಳೆಯಿರಿ. ಒಂದೇ ಹೊತ್ತಿನಲ್ಲಿ, ಒಬ್ಬರೇ ಅಳೆಯಿರಿ. ನಾನು ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಅಳೆಯುತ್ತಿದ್ದೆ.

ಇಷ್ಟು ಹೇಳುವ ನಾನು ಆಗ ಏನು ಮಾಡಿದೆ ಗೊತ್ತಾ? ಮೊದಲ ದಿನ ಸಿಸ್ಟರ್ ಹೇಳಿದರು ಅಂತ ಅಳೆದೆ. 27 ಸೆಂಟಿಮೀಟರ್ ಬಂತು. ಫೈಲಿನ ಹಿಂದೆ ಬರೆದೆ. ಆಮೇಲೆ ಎರಡು ವಾರ ಟೇಪು ಹಿಡಿಯಲೇ ಇಲ್ಲ. ದಿನಕ್ಕೆ ಹತ್ತು ಹೆಣ್ಣುಮಕ್ಕಳ ತೋಳು ಅಳೆಯುವವನಿಗೆ ಮನೆಯವಳ ತೋಳು ಅಳೆಯಲು ಪುರುಸೊತ್ತಿರಲಿಲ್ಲ.

ಅದು ಜನವರಿ. ಗವಿಮಠದ ಜಾತ್ರೆ ಹತ್ತಿರ ಬಂದಿತ್ತು. ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಜೋಳದ ರೊಟ್ಟಿ ಹೋಗುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ನಮ್ಮ ಓಣಿಯ ಹೆಣ್ಣುಮಕ್ಕಳೂ ಕೂತು ರೊಟ್ಟಿ ಬಡಿಯುತ್ತಿದ್ದರು. ಗದ್ದಲಕ್ಕೆ ಹೋಗಬೇಡ ಎಂದು ಡಾಕ್ಟರ್ ಹೇಳಿದ್ದರಿಂದ ಇವಳು ಜಾತ್ರೆ ಬಿಟ್ಟಳು. ಆದರೆ ರೊಟ್ಟಿ ಬಿಡಲಿಲ್ಲ. ನಮ್ಮ ಅಡುಗೆಮನೆಯಲ್ಲೇ ಒಲೆ ಮುಂದೆ ಕೂತು ಎರಡು ದಿನ ಬಡಿದಳು. ಮೂರನೇ ದಿನ ಬಲ ರಟ್ಟೆ ಭಾರ ಎಂದಳು. "ಏನಿಲ್ಲ ಬಿಡ್ರೀ, ರೊಟ್ಟಿ ಬಡದಿದ್ದಕ್ಕ ಆಗಿರಬೇಕು" ಎಂದು ಅವಳೇ ತೀರ್ಪು ಕೊಟ್ಟಳು. ನಾನೂ ಒಪ್ಪಿದೆ. ಪರಿಚಯದ ಒಬ್ಬರು ಎಣ್ಣೆ ಹಚ್ಚಿ ತೀಡಲು ಬಂದರು. ಅವರಿಗೆ ಅವತ್ತು ಬೇರೆ ಕೆಲಸ ಬಂದು ಎದ್ದು ಹೋದರು, ಪುಣ್ಯ. ಹೆಪ್ಪು ಇರುವ ತೋಳನ್ನು ತೀಡಬಾರದು. ಅದು ಕಿತ್ತುಕೊಂಡು ಹೊರಟರೆ ಸೇರುವುದು ಪುಪ್ಪುಸಕ್ಕೆ.

ಆ ಸಂಜೆ ಅವಳು ಬ್ಲೌಸ್ ಬದಲಿಸಲು ಹೋದಳು. ನಾನೇ ಹೊಲಿದ ಬ್ಲೌಸ್. ಬಲತೋಳು ಏರಲಿಲ್ಲ. ಎಡತೋಳು ಸಲೀಸಾಗಿ ಏರಿತು. ನನ್ನ ಕೈಯ ಕಟಿಂಗ್ ನನಗೆ ಗೊತ್ತು, ಎರಡು ತೋಳಿಗೆ ನೂಲಿನಷ್ಟೂ ವ್ಯತ್ಯಾಸ ಇರುವುದಿಲ್ಲ. ಟೇಪು ಹಿಡಿದೆ. 30.5 ಬಂತು. ಎರಡು ಸಲ ಹಿಡಿದೆ. 30.5.

ಮೊದಲ ಅಳತೆಗಿಂತ 3 ಸೆಂಟಿಮೀಟರ್ ಹೆಚ್ಚಾದರೆ ಹೆಪ್ಪಿನ ಅನುಮಾನ ಬಲವಾಗುತ್ತದೆ ಎಂದು ಸಿಸ್ಟರ್ ಆಮೇಲೆ ಹೇಳಿದರು. ಹಾಗಂತ 3 ಆಗುವವರೆಗೆ ಕಾಯುವುದಲ್ಲ. ಒಂದೂವರೆ, ಎರಡು ಹೆಚ್ಚಾಗಿ, ಜೊತೆಗೆ ಭಾರ ಅಥವಾ ನೋವಿದ್ದರೂ ಫೋನ್ ಮಾಡಿ. ಬರೀ ಬಾವು ಒಂದೇ ಗುರುತಲ್ಲ. ತೋಳು ಕೆಂಪಗೋ ನೀಲಿಯಾಗೋ ಕಾಣಬಹುದು. ಹೆಗಲು, ಕಂಕುಳು, ಕತ್ತು, ದವಡೆ ನೋಯಬಹುದು. ಎದೆಯ ಮೇಲೆ, ಹೆಗಲ ಸುತ್ತ ಮೊದಲಿಲ್ಲದ ನೀಲಿ ನರಗಳು ಎದ್ದು ಕಾಣಬಹುದು. ಮುಖ, ಕತ್ತು ಊದಬಹುದು. ಉಂಗುರ, ಬಳೆ ಬಿಗಿಯಾಗಬಹುದು. ಕೆಲವರಿಗೆ ಏನೂ ಗೊತ್ತಾಗದೆಯೂ ಇರುತ್ತದೆ. ಪೋರ್ಟ್ ಇದ್ದವರಿಗೂ ಇದೇ ಗುರುತುಗಳು.

ಇನ್ನೊಂದು ಮಾತು. ಸ್ತನದ ಆಪರೇಷನ್ ಆದವರಿಗೆ ಆಪರೇಷನ್ ಆದ ಕಡೆಯ ಕೈ ಬೇರೆ ಕಾರಣಕ್ಕೂ ಊದುತ್ತದೆ. ಕಂಕುಳಿನ ಗಂಟು ತೆಗೆದದ್ದರಿಂದ ನೀರು ಇಳಿಯುವುದಿಲ್ಲ. ಅದು ಸಾಮಾನ್ಯವಾಗಿ ನಿಧಾನವಾಗಿ ಬರುತ್ತದೆ. ಆದರೆ ಯಾವುದು ಯಾವ ಬಾವು ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಲು ಹೋಗಬೇಡಿ.

ಇದ್ದಕ್ಕಿದ್ದ ಹಾಗೆ ಏದುಸಿರು ಬಂದರೆ, ಉಸಿರು ಎಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಿದ್ದರೆ, ಎದೆ ಡವಡವ ಹೊಡೆದುಕೊಂಡು ತಲೆ ಸುತ್ತಿ ಬಿದ್ದರೆ ಅಳತೆ ಗಿಳತೆ ಏನೂ ಬೇಡ. ಹೆಪ್ಪು ಪುಪ್ಪುಸಕ್ಕೆ ಹೋಗಿರಬಹುದು. 108ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ನಿಮ್ಮ ಡಾಕ್ಟರಿಗೆ ದಾರಿಯಲ್ಲಿ ಹೇಳಿದರೆ ಸಾಕು. ಚಳಿ ಜ್ವರ ಬಂದರೂ ಹಾಗೆಯೇ. ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ಜ್ವರ ಅಂದರೆ ಬೆಳಗಾಗುವ ತನಕ ಕಾಯುವ ಜ್ವರವಲ್ಲ. ಲೈನಿಗೆ ಸೋಂಕು ತಗುಲಿರಬಹುದು.

ಪರೀಕ್ಷೆಯ ಹೆಸರು ಡಾಪ್ಲರ್. ನೋವಿಲ್ಲ, ಸೂಜಿ ಇಲ್ಲ. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಇದ್ದ ಹಾಗೆ, ಜೆಲ್ ಹಚ್ಚಿ ತೋಳಿನ ಮೇಲೆ ಒತ್ತಿ ನೋಡುತ್ತಾರೆ. ಒಳ್ಳೆಯ ರಕ್ತನಾಳ ಒತ್ತಿದರೆ ಚಪ್ಪಟೆ ಆಗುತ್ತದೆ, ಇಸ್ತ್ರಿ ಪೆಟ್ಟಿಗೆ ಕೆಳಗೆ ಖಾಲಿ ತೋಳು ಮಲಗುವ ಹಾಗೆ. ಒಳಗೆ ಹೆಪ್ಪು ಇದ್ದರೆ ಮಲಗುವುದಿಲ್ಲ. ಕಾಲರ್ ಮೂಳೆಯ ಹಿಂದಿನ ನಾಳ ಇದರಲ್ಲಿ ಸರಿಯಾಗಿ ಕಾಣುವುದಿಲ್ಲ. ಡಾಪ್ಲರ್ ಚೆನ್ನಾಗಿದೆ ಎಂದರೂ ಬಾವು ಹಾಗೇ ಇದ್ದರೆ ಸಿಟಿ ಸ್ಕ್ಯಾನ್ ಬೇಕಾ ಎಂದು ಕೇಳಿ. ರಕ್ತದ ಡಿ-ಡೈಮರ್ ಪರೀಕ್ಷೆ ನಮ್ಮಂಥವರಿಗೆ ಅಷ್ಟು ಉಪಯೋಗವಿಲ್ಲ. ಕ್ಯಾನ್ಸರ್ ಇದ್ದರೆ ಅದು ಹೆಪ್ಪಿಲ್ಲದಿದ್ದರೂ ಜಾಸ್ತಿ ಇರುತ್ತದೆ.

ಒಂದು ಕೆಲಸ ಇವತ್ತೇ ಮಾಡಿಟ್ಟುಕೊಳ್ಳಿ. ನಿಮ್ಮೂರಲ್ಲಿ ಡಾಪ್ಲರ್ ಎಲ್ಲಿ ಮಾಡುತ್ತಾರೆ, ಭಾನುವಾರ ಯಾರು ಇರುತ್ತಾರೆ, ಇಲ್ಲದಿದ್ದರೆ ಹೊಸಪೇಟೆಯೋ ಬಳ್ಳಾರಿಯೋ ಹುಬ್ಬಳ್ಳಿಯೋ ಎಂದು ಮೊದಲೇ ವಿಚಾರಿಸಿ. ನಾವು ಕಂಡುಹಿಡಿದದ್ದು ಶನಿವಾರ ಸಂಜೆ ಏಳಕ್ಕೆ. ಎರಡು ಕಡೆ ಬಾಗಿಲು ಹಾಕಿತ್ತು.

ಹೆಪ್ಪು ಅಂತ ಗೊತ್ತಾದ ಮೇಲೆ ಮನೆಯವರೆಲ್ಲರ ಮಾತು ಒಂದೇ: "ಪೈಪು ಕಿತ್ತು ಬಿಸಾಕಿಸ್ರೀ." ನನ್ನ ಮಾತೂ ಅದೇ ಆಗಿತ್ತು. ಡಾಕ್ಟರ್ ಬೇಡ ಎಂದರು. ಲೈನ್ ಕೆಲಸ ಮಾಡುತ್ತಿದೆ. ತುದಿ ಸರಿಯಾದ ಜಾಗದಲ್ಲಿದೆ. ಸೋಂಕಿಲ್ಲ. ಕೀಮೋ ಇನ್ನೂ ಬಾಕಿ ಇದೆ. ಹಾಗಿದ್ದಾಗ ಲೈನ್ ಇಟ್ಟುಕೊಂಡೇ ರಕ್ತ ತೆಳು ಮಾಡುವ ಔಷಧ ಕೊಡುತ್ತಾರಂತೆ. ಇದನ್ನು ಕಿತ್ತರೆ ಇನ್ನೊಂದು ಹಾಕಬೇಕು, ಆ ಜಾಗದಲ್ಲೂ ಹೆಪ್ಪಾಗಬಹುದು. ಸೋಂಕಾದರೆ, ಲೈನ್ ಕೆಟ್ಟರೆ, ಅದರ ಕೆಲಸ ಮುಗಿದಿದ್ದರೆ, ಔಷಧ ಕೊಟ್ಟರೂ ಬಾವು ಇಳಿಯದಿದ್ದರೆ ಆಗ ತೆಗೆಯುತ್ತಾರೆ. ಔಷಧ ಕಡಿಮೆ ಅಂದರೂ 3 ತಿಂಗಳು. ಲೈನ್ ಅದಕ್ಕಿಂತ ಹೆಚ್ಚು ದಿನ ಇದ್ದರೆ, ಸಾಮಾನ್ಯವಾಗಿ ಅದು ಇರುವ ತನಕ. ಬಾವು ಇಳಿಯಿತು ಎಂದು ಹತ್ತನೇ ದಿನಕ್ಕೆ ನೀವೇ ನಿಲ್ಲಿಸಬೇಡಿ.

ಮೊದಲೇ ಯಾಕೆ ಎಲ್ಲರಿಗೂ ಈ ಔಷಧ ಕೊಡುವುದಿಲ್ಲ ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ಇದರಿಂದ ರಕ್ತಸ್ರಾವದ ಭಯ ಇದೆ, ಲೈನ್ ಇದೆ ಎನ್ನುವ ಒಂದೇ ಕಾರಣಕ್ಕೆ ಎಲ್ಲರಿಗೂ ಕೊಡುವುದಿಲ್ಲ ಎಂದರು. ಹಿಂದೆ ಎಂದಾದರೂ ಹೆಪ್ಪಾಗಿದ್ದವರು ಮಾತ್ರ ಲೈನ್ ಹಾಕುವ ಮುಂಚೆಯೇ ಅದನ್ನು ಹೇಳಬೇಕು.

ನಮಗೆ ಮೊದಲು ಬರೆದದ್ದು ಎನೊಕ್ಸಾಪರಿನ್ ಇಂಜೆಕ್ಷನ್. ತೂಕಕ್ಕೆ ತಕ್ಕ ಹಾಗೆ ಡೋಸು, ದಿನಕ್ಕೆ ಎರಡು ಸಲ, ಹೊಟ್ಟೆಗೆ. ದಿನಾ ಎರಡು ಸಲ ಕ್ಲಿನಿಕ್ಕಿಗೆ ಓಡಲು ಆಗುತ್ತಾ? ಸಿಸ್ಟರ್ ನನಗೇ ಕಲಿಸಿದರು. ಮೂವತ್ತು ವರ್ಷ ಸೂಜಿ ಹಿಡಿದ ಕೈ ಮೊದಲ ದಿನ ಗಡಗಡ ನಡುಗಿತು. "ಬಟ್ಟೀಗೆ ಹಾಕಿದಂಗ ಹಾಕ್ರಿ, ನಾ ಏನ್ ಅನ್ನಂಗಿಲ್ಲ" ಎಂದು ಅವಳೇ ಧೈರ್ಯ ಹೇಳಿದಳು. ಕೈ ತೊಳೆದುಕೊಳ್ಳಿ. ಹೊಕ್ಕುಳಿನಿಂದ 5 ಸೆಂಟಿಮೀಟರ್ ದೂರ, ಒಂದು ಹೊತ್ತು ಎಡಕ್ಕೆ, ಒಂದು ಹೊತ್ತು ಬಲಕ್ಕೆ. ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಹಿಡಿದು, ಸೂಜಿಯನ್ನು ನೆಟ್ಟಗೆ ಪೂರ್ತಿ ಇಳಿಸಿ, ನಿಧಾನವಾಗಿ ಒತ್ತಿ. ತೆಗೆಯುವ ತನಕ ಮಡಿಕೆ ಬಿಡಬೇಡಿ. ತುಂಬಿಸಿಯೇ ಬರುವ ಸಿರಿಂಜಿನಲ್ಲಿ ಒಂದು ಗಾಳಿಗುಳ್ಳೆ ಇರುತ್ತದೆ. ಪೂರ್ತಿ ಸಿರಿಂಜ್ ಕೊಡುವುದಾದರೆ ಅದನ್ನು ಹೊರಗೆ ಹಾಕಬೇಡಿ, ಹಾಕಲು ಹೋದರೆ ಔಷಧವೂ ಹೋಗುತ್ತದೆ. ಕೊಟ್ಟ ಜಾಗವನ್ನು ತಿಕ್ಕಬೇಡಿ, ತಿಕ್ಕಿದರೆ ನೀಲಿ ಕಲೆ ದೊಡ್ಡದಾಗುತ್ತದೆ. ಬಳಸಿದ ಸಿರಿಂಜನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೇ ಕೊಡಿ. ಕಸದ ಗಾಡಿಯವರ ಕೈಗೆ ಚುಚ್ಚಬಾರದಲ್ವಾ.

ಆಮೇಲೆ ಮಾತ್ರೆಗೆ ಬದಲಿಸಿದರು, ರಿವರೊಕ್ಸಬಾನ್. ಹೆಪ್ಪಿಗೆ ಕೊಡುವ ಡೋಸನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಹೊಟ್ಟೆ, ಕರುಳಿನ ಕ್ಯಾನ್ಸರ್ ಇದ್ದವರಿಗೆ ಇಂಥ ಮಾತ್ರೆಯಿಂದ ರಕ್ತಸ್ರಾವದ ಭಯ ಹೆಚ್ಚು, ಅವರಿಗೆ ಇಂಜೆಕ್ಷನ್ನೇ ಮುಂದುವರಿಸಬಹುದು. ವಾಂತಿ ಜೋರಾಗಿರುವ ದಿನ ಮಾತ್ರೆ ಒಳಗೆ ನಿಲ್ಲದಿದ್ದರೆ ತಕ್ಷಣ ಹೇಳಿ.

ಔಷಧ ನಡೆಯುತ್ತಿರುವಾಗ ಪ್ಲೇಟ್‌ಲೆಟ್ ಮೇಲೆ ಕಣ್ಣಿರಲಿ. ಕೀಮೋ ಆದ ಒಂದೆರಡು ವಾರಕ್ಕೆ ಅದು ಇಳಿಯುತ್ತದೆ. ರಿಪೋರ್ಟಿನಲ್ಲಿ 50,000ಕ್ಕಿಂತ ಕಡಿಮೆ ಕಂಡರೆ ಮುಂದಿನ ಡೋಸಿಗೆ ಮೊದಲು ಫೋನ್ ಮಾಡಿ. ಕಡಿಮೆ ಮಾಡಬೇಕೋ ನಿಲ್ಲಿಸಬೇಕೋ ಅವರೇ ಹೇಳುತ್ತಾರೆ. ವಸಡಿನಲ್ಲಿ ರಕ್ತ, ನಿಲ್ಲದ ಮೂಗಿನ ರಕ್ತ, ಡಾಂಬರಿನ ಹಾಗೆ ಕಪ್ಪು ಮಲ, ಕೆಂಪು ಮೂತ್ರ, ತಡೆಯಲಾಗದ ತಲೆನೋವು, ಇವಕ್ಕೆ ಕಾಯಬೇಡಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ನಮ್ಮೂರಲ್ಲಿ ಮೊಣಕಾಲು ನೋವಿಗೆ ಎಲ್ಲರ ಮನೆಯಲ್ಲೂ ಒಂದು ಸ್ಟ್ರಿಪ್ ಇರುತ್ತದೆ, ಅದೇ ಅಪಾಯ.

ಲೈನ್ ನೋಡಿಕೊಳ್ಳುವುದರಲ್ಲಿ ಕೆಲವು ಮಾತು. ಕೀಮೋ ಇಲ್ಲದ ವಾರವೂ ಸಲೈನ್ ಫ್ಲಶ್, ಅಂದರೆ ಪೈಪಿನೊಳಗೆ ಸಲೈನ್ ಹಾಯಿಸಿ ತೊಳೆಯುವುದು, ತಪ್ಪಿಸಬೇಡಿ. ಡ್ರೆಸ್ಸಿಂಗ್ 7 ದಿನಕ್ಕೊಮ್ಮೆ ಬದಲಿಸಬೇಕು. ಏಪ್ರಿಲ್‌ನಲ್ಲಿ ನಮ್ಮ ಬಿಸಿಲಿಗೆ ಬೆವರಿ ಮೂರನೇ ದಿನಕ್ಕೇ ಅಂಚು ಏಳುತ್ತಿತ್ತು. ಎದ್ದರೆ, ಒದ್ದೆಯಾದರೆ ಏಳು ದಿನ ಕಾಯುವುದಿಲ್ಲ. ಫ್ಲಶ್‌ಗೆ 10 ಎಂ.ಎಲ್. ಸಿರಿಂಜೇ ಬೇಕು. ಸಣ್ಣ ಸಿರಿಂಜಿನಲ್ಲಿ ಒತ್ತಡ ಜಾಸ್ತಿಯಾಗಿ ಪೈಪು ಸೀಳಬಹುದು. ಒಂದು ಕಡೆ ಕಾಂಪೌಂಡರ್ ಒಬ್ಬರು 2 ಎಂ.ಎಲ್. ಸಿರಿಂಜ್ ಹಿಡಿದು ಬಂದಾಗ ನಾನೇ ಕೈ ಅಡ್ಡ ಇಟ್ಟೆ. ಅವರಿಗೆ ಸಿಟ್ಟು ಬಂತು, ಬರಲಿ. ಆಮೇಲಿಂದ ಸಿರಿಂಜ್ ನಾವೇ ಒಯ್ದೆವು. ಸ್ವಲ್ಪ ಒತ್ತಿ, ತಡೆದು, ಮತ್ತೆ ಒತ್ತಬೇಕು. ಗಟ್ಟಿಯಾಗಿ ಹೋಗದಿದ್ದರೆ ಬಲವಂತ ಮಾಡಬಾರದು. ಪೈಪಿನೊಳಗೆ ಕಟ್ಟಿಕೊಂಡದ್ದನ್ನು ಕರಗಿಸಲು ಆಸ್ಪತ್ರೆಯಲ್ಲಿ ಬೇರೆ ಔಷಧ ಇದೆ. ಹೊರಗೆ ಕಾಣುವ ಪೈಪು ಎಷ್ಟು ಸೆಂಟಿಮೀಟರ್ ಎಂದೂ ಬರೆದಿಡಿ. ಅದು ಉದ್ದವಾದರೆ ಒಳಗೆ ತುದಿ ಜರುಗಿದೆ ಎಂದರ್ಥ. ಹೊರಬಂದ ಪೈಪನ್ನು ನೀವು ಒಳಗೆ ತಳ್ಳಬೇಡಿ.

ಲೈನ್ ಇರುವ ಕೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ. ನಮ್ಮ ಮನೆಯವಳಿಗೆ ಎಡಗೈಯಲ್ಲೂ ಬೇಡ ಎಂದಿದ್ದರು, ಕಾಲಲ್ಲಿ ನೋಡುತ್ತಿದ್ದರು. ಕೊಡ ಎತ್ತುವುದು ಬೇಡ. ಹಾಗಂತ ಕೈಯನ್ನು ಕೊರಡಿನ ಹಾಗೆ ಇಡುವುದೂ ತಪ್ಪು. ಮೆತ್ತನೆ ಚೆಂಡು ಹಿಡಿದು ಮುಷ್ಟಿ ಬಿಗಿದು ಬಿಡುವುದನ್ನು ದಿನಕ್ಕೆ ನಾಲ್ಕೈದು ಸಲ ಮಾಡಿಸಿ, ರಕ್ತ ಓಡುತ್ತಿರಬೇಕು. ನೀರು ಚೆನ್ನಾಗಿ ಕುಡಿಸಿ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಹೋಗುವಾಗ ಲೈನ್ ಇರುವ ಮಗ್ಗುಲಿಗೆ ಮಲಗದ ಹಾಗೆ ನೋಡಿಕೊಳ್ಳಿ. ರೊಟ್ಟಿಯ ಬಗ್ಗೆ ಕೇಳಿದೆ. ರೊಟ್ಟಿ ಬಡಿದದ್ದಕ್ಕೇ ಹೆಪ್ಪಾಯಿತು ಎಂದು ಹೇಳಲು ಬರುವುದಿಲ್ಲ, ಲೈನ್ ಇರುವವರೆಗೆ ಗಂಟೆಗಟ್ಟಲೆ ಮಾತ್ರ ಬೇಡ ಎಂದರು. ಈಗ ಮಗಳು ಬಡಿಯುತ್ತಾಳೆ, ಇವಳು ಪಕ್ಕದಲ್ಲಿ ಕೂತು ಹೆಸರಿಡುತ್ತಾಳೆ.

ರಟ್ಟೆಗೆ ಏನನ್ನೂ ಬಿಗಿಯಾಗಿ ಕಟ್ಟಬೇಡಿ. ಸ್ನಾನಕ್ಕೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವವರಿದ್ದಾರೆ, ಅದು ಬೇಡ. ಟೇಪು ಅಂಟಿಸಿ. ತಾಯತ ಕಟ್ಟಿದ್ದರೆ ಕೊರಳಿಗೆ ವರ್ಗಾಯಿಸಿ, ದೇವರಿಗೇನೂ ಬೇಜಾರಾಗುವುದಿಲ್ಲ.

ಇನ್ನು ಬ್ಲೌಸ್. ಹೊಸದು ಹೊಲಿಸುವುದಾದರೆ ಲೈನ್ ಇರುವ ಕಡೆಯ ತೋಳನ್ನು 2 ಇಂಚು ಸಡಿಲ ಇಡಲು ಹೇಳಿ. ಇದ್ದದ್ದೇ ಸರಿಮಾಡುವುದಾದರೆ ತೋಳಿನ ಕೆಳಹೊಲಿಗೆಯನ್ನು ಅಂಚಿನಿಂದ ಕಂಕುಳಿನ ಒಂದು ಇಂಚು ಕೆಳಗಿನವರೆಗೆ ಬಿಚ್ಚಿ. ಒಳಗಿನ ಮಾರ್ಜಿನ್ ಸಾಲದಿದ್ದರೆ ಅದೇ ಬಣ್ಣದ ಕಾಟನ್ ಪಟ್ಟಿ ಕೊಟ್ಟು ಮೂರು ಟಿಚ್ ಬಟನ್ ಹಾಕಿ. ಬಟನ್ ಪೈಪಿನ ಮೇಲೆ ಕೂರಬಾರದು, ಹಿಂದಕ್ಕೆ ಸರಿಸಿ. ಹುಕ್ಸು ಬೇಡ, ಡ್ರೆಸ್ಸಿಂಗಿಗೆ ಸಿಕ್ಕುತ್ತದೆ. ಎಲಾಸ್ಟಿಕ್ ಅಂತೂ ಬೇಡವೇ ಬೇಡ. ಸಿಸ್ಟರ್ ಬಂದಾಗ ತೋಳನ್ನಷ್ಟೇ ತೆರೆದರೆ ಆಯಿತು, ಎಲ್ಲರ ಮುಂದೆ ಸೆರಗು ಸರಿಸಿ ಕೂರುವ ಕಷ್ಟ ಇಲ್ಲ. ಪಟ್ಟಿಯ ಒಳಗಡೆ, ಯಾರಿಗೂ ಕಾಣದ ಹಾಗೆ, ಮೊದಲ ದಿನದ ಅಳತೆಯನ್ನು ನಾನು ಕೆಂಪು ದಾರದಲ್ಲಿ ಹೊಲಿದಿದ್ದೆ: 27.